ಕತ್ತರಿಸದ ದಾರ

ಹನ್ನೊಂದನೆಯ ಸಲ ದಾರ ತುಂಡಾದಾಗ ಕಾಲರಕ್ಕ ಬೈಯಲೂ ಇಲ್ಲ, ನಿಟ್ಟುಸಿರೂ ಬಿಡಲಿಲ್ಲ. ಮೆಲ್ಲಗೆ ಕೈಚಾಚಿ ಪಕ್ಕದ ಮೆಷಿನ್ನಿನ ಗಿಣಿಯ ಮೊಣಕೈ ಮುಟ್ಟಿದಳು. ಗಿಣಿ ಅತ್ತಿತ್ತ ನೋಡಿ, ಇತ್ತ ಬಾಗಿ, ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಸೂಜಿಗೆ ಪೋಣಿಸಿ, ಏನೂ ಆಗದವಳಂತೆ ತನ್ನ ಕೆಲಸಕ್ಕೆ ತಿರುಗಿದಳು. ಏಳು ತಿಂಗಳಿಂದ ದಿನಕ್ಕೆ ಎರಡೋ ಮೂರೋ ಬಾರಿ ನಡೆಯುತ್ತಿದ್ದ ಕಳ್ಳಕೆಲಸ ಇದು. ಇವತ್ತು ಚಹಾದ ಗಂಟೆ ಹೊಡೆಯುವ ಮುಂಚೆಯೇ ಹನ್ನೊಂದು ಸಲ ಆಗಿತ್ತು.

ಇಪ್ಪತ್ತೆರಡು ವರ್ಷ ಈ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಅಂಗಿಯ ಕಾಲರನ್ನೇ ಹೊಲಿದು ಅವಳಿಗೆ ಆ ಹೆಸರು ಬಂದಿತ್ತು. ಕಾಲರಿನ ತಿರುವು ಅವಳ ಕೈಗೆ ನೀರು ಕುಡಿದಷ್ಟು ಸಲೀಸು. ಆದರೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಟ್ಟೆಯ ಅಂಚು ಬೆರಳಿಗೆ ಸಿಗುತ್ತದೆ, ಸೂಜಿಯ ತೂತು ಸಿಗಬೇಕಲ್ಲ? ಡಾಕ್ಟರು ಆಪರೇಷನ್ ಮಾಡಿ ಒಂದು ತಿಂಗಳು ಮನೆಯಲ್ಲಿರಿ ಎಂದಿದ್ದರು. ತಿಂಗಳು ರಜೆ ಹಾಕಿ ಹೋದ ಗುಂಡಿ ಹಚ್ಚುವ ಹೆಂಗಸು ವಾಪಸ್ಸು ಬಂದಾಗ ಅವಳ ಸ್ಟೂಲಿನ ಮೇಲೆ ಬೇರೆ ಯಾರೋ ಕೂತಿದ್ದರು. ಮನೆಯಲ್ಲಿ ಸೊಂಟ ಮುರಿದುಕೊಂಡು ಮಲಗಿದ ಗಂಡ, ಇನ್ನೊಂದು ವರ್ಷದ ಓದು ಬಾಕಿಯಿರುವ ಮಗಳು. ಅದಕ್ಕೇ ಅವಳೂ ಗಿಣಿಯೂ ಮಾತಿಲ್ಲದೆ ಒಪ್ಪಂದ ಮಾಡಿಕೊಂಡಿದ್ದರು: ಗಿಣಿಗೆ ಬಾರದ ತಿರುವನ್ನು ಕಾಲರಕ್ಕ ಹೊಲಿದು ಕೊಡುವುದು, ಕಾಲರಕ್ಕನಿಗೆ ಕಾಣದ ದಾರವನ್ನು ಗಿಣಿ ಪೋಣಿಸಿ ಕೊಡುವುದು.

ದಾರ ಮತ್ತೆ ತುಂಡಾಯಿತು. ಕಾಲರಕ್ಕ ಆಗಲೇ ದಾರದ ಉರುಳೆ ಬದಲಾಯಿಸಿ ನೋಡಿದ್ದಳು. ಬಿಗಿಯ ತಿರುಪನ್ನು ಸಡಿಲಿಸಿ, ಮತ್ತೆ ಬಿಗಿ ಮಾಡಿ ನೋಡಿದ್ದಳು. ಕೆಳದಾರದ ಬಾಬಿನ್ ತೆಗೆದು ಅದರ ಗೂಡಿನಲ್ಲಿ ನೂಲಿನ ಧೂಳೇನಾದರೂ ಸಿಕ್ಕಿಕೊಂಡಿದೆಯೇ ಎಂದು ಊದಿದ್ದಳು. ಸೂಜಿ ಇಳಿಯುವ ತಗಡಿನ ತೂತಿನ ಸುತ್ತ ಬೆರಳಾಡಿಸಿ, ಎಲ್ಲಿಯೂ ಚೂಪು ಎದ್ದಿಲ್ಲವೆಂದು ಖಾತ್ರಿ ಮಾಡಿಕೊಂಡಿದ್ದಳು. ಎಲ್ಲ ಸರಿ. ಆದರೂ ನಾಲ್ಕು ಬೆರಳಗಲ ಹೊಲಿಯುವುದರೊಳಗೆ ದಾರ ಎಳೆಯೆದ್ದು ಪಟ್ಟೆಂದು ಹರಿಯುತ್ತಿತ್ತು.

"ಸೂಜಿ ನೋಡ್ಲಾ?" ಎಂದಳು ಗಿಣಿ, ತುಟಿ ಅಲ್ಲಾಡಿಸದೆ.

"ಸೂಜಿಗೇನಾಗಿದೆ? ಬೆಳಿಗ್ಗೆ ತಾನೇ ಹೊಸದು ಹಾಕಿದ್ದೀನಿ."

ಹಾಕುವಾಗಲೂ ಗಿಣಿ ಕೇಳಿದ್ದಳು, ತಾನು ಹಾಕಿಕೊಡಲೇ ಎಂದು. ಕಾಲರಕ್ಕನಿಗೆ ಚುರುಕ್ಕೆಂದಿತ್ತು. ದಾರಕ್ಕೆ ನಿನ್ನ ಕಣ್ಣು ಬೇಕು, ಒಪ್ಪಿದೆ. ಸೂಜಿ ಹಾಕುವುದಕ್ಕೂ ಬೇಕೇ? ಸೂಜಿಯ ಒಂದು ಮಗ್ಗುಲಲ್ಲಿ ಉದ್ದಕ್ಕೂ ಒಂದು ಗೀರು ಇರುತ್ತದೆ, ಅದು ಎಡಕ್ಕೆ ಇರಬೇಕು. ಅಷ್ಟನ್ನು ಉಗುರಿನಲ್ಲಿ ಮುಟ್ಟಿ ಹೇಳಬಲ್ಲೆ ಎಂಬ ಜಂಬ ಅವಳದು. ಬಟ್ಟೆ ಉಜ್ಜಿ ಉಜ್ಜಿ ಉಗುರು, ಬೆರಳು ಎರಡೂ ಸವೆದುಹೋದ ಲೆಕ್ಕ ಅವಳು ಇಟ್ಟಿರಲಿಲ್ಲ.

ಹದಿಮೂರನೆಯ ಸಲ ಗಿಣಿ ಬಾಗಿದ್ದು ಮೇಸ್ತ್ರಿಯ ಕಣ್ಣಿಗೆ ಬಿತ್ತು. ಮುಂದಿನ ಮೇಜಿನವರು ಕಾಲರಿಗಾಗಿ ಕೈಕಟ್ಟಿ ಕೂತಿದ್ದರು. ಮೇಸ್ತ್ರಿ ಕೆಟ್ಟವನಲ್ಲ, ಆದರೆ ಅವನ ಬಾಯಿಯೇ ಕಾನೂನು: ಕಣ್ಣು ಮಂಜಾದವರು ಸೂಜಿಯ ಮುಂದೆ ಕೂರುವಂತಿಲ್ಲ ಎಂದು ಹೋದ ತಿಂಗಳು ಇಬ್ಬರನ್ನು ಮನೆಗೆ ಕಳಿಸಿದ್ದ. ಅವನು ಮೆಕ್ಯಾನಿಕ್ಕನನ್ನು ಕರೆತಂದು ಪಕ್ಕದಲ್ಲೇ ನಿಂತ.

ಮೆಕ್ಯಾನಿಕ್ ಯಾವುದನ್ನೂ ಬಿಚ್ಚಲಿಲ್ಲ. ತಿರುಪು ಸಡಿಲಿಸಿ ಸೂಜಿಯನ್ನು ಬೆಳಕಿಗೆ ಹಿಡಿದು ನಕ್ಕ. ಸೂಜಿ ತಿರುಗಿ ಕೂತಿದೆ, ಕಲಿಯೋಕೆ ಬಂದವರು ಮೊದಲ ವಾರ ಮಾಡುವ ತಪ್ಪು ಇದು ಎಂದ. ಸರಿಯಾಗಿ ಹಾಕಿ, ದಾರ ಪೋಣಿಸಿ, ಚಿಂದಿಯ ಮೇಲೆ ಗರ್ರನೆ ಓಡಿಸಿ ತೋರಿಸಿ ಹೊರಟುಹೋದ.

ಮೇಸ್ತ್ರಿ ಹೋಗಲಿಲ್ಲ. "ಯಾರು ಹಾಕಿದ್ದು ಇದನ್ನ?"

ನಾನು ಎಂದರೆ ಮುಂದಿನ ಮಾತು ಏನೆಂದು ಕಾಲರಕ್ಕನಿಗೆ ಗೊತ್ತಿತ್ತು. ಎಲ್ಲಿ, ನನ್ನೆದುರು ಇನ್ನೊಂದು ಸಲ ಹಾಕು, ದಾರ ಪೋಣಿಸು ಎನ್ನುತ್ತಾನೆ. ಗಂಡನ ಹಾಸಿಗೆ ನೆನಪಾಯಿತು, ಮಗಳ ಪುಸ್ತಕದ ಚೀಲ ನೆನಪಾಯಿತು.

"ಗಿಣಿ," ಎಂದಳು. "ಗಿಣಿ ಹಾಕಿದ್ದು."

ಪಕ್ಕದ ಮೆಷಿನ್ ನಿಂತಿತು. ಗಿಣಿಯ ಮುಖ ಇವಳಿಗೆ ಬರಿ ಬೆಳ್ಳಗಿನ ಒಂದು ಮಸುಕು. ಅದರಲ್ಲಿ ಕೋಪವಿತ್ತೋ ಕಣ್ಣೀರಿತ್ತೋ ಕಾಣದೇ ಹೋದದ್ದೇ ಆ ಗಳಿಗೆಯಲ್ಲಿ ಪುಣ್ಯ ಅನ್ನಿಸಿತು, ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

"ಹೌದು," ಎಂದಳು ಗಿಣಿ. "ನಾನೇ."

ಗಿಣಿ ಅಲ್ಲಿ ಕೈಯಾಡಿಸಿದ್ದನ್ನು ತಾನೂ ನೋಡಿದ್ದೇನೆ ಎಂದ ಮೇಸ್ತ್ರಿ. ತನ್ನ ಮೆಷಿನ್ ಬಿಟ್ಟು ಊರವರ ಮೆಷಿನ್ ರಿಪೇರಿ ಮಾಡುವವರಿಗೆ ಇಲ್ಲಿ ಜಾಗವಿಲ್ಲವೆಂದು ಅವಳನ್ನು ಕಾರ್ಖಾನೆಯ ಕೊನೆಯಲ್ಲಿದ್ದ ದಾರ ಕತ್ತರಿಸುವ ಮೇಜಿಗೆ ಕಳಿಸಿದ. ಅಲ್ಲಿ ಅರ್ಧ ಸಂಬಳ. ಗಿಣಿ ಕುರ್ಚಿಯ ಮೇಲಿನ ದಿಂಬನ್ನು ಬಗಲಲ್ಲಿ ಇಟ್ಟುಕೊಂಡು, ಒಂದು ಮಾತೂ ಆಡದೆ ಹೋದಳು. ಮಾತಿಗೇ ಗಿಣಿ ಎಂಬ ಹೆಸರು ಪಡೆದವಳು.

ಮೆಷಿನ್ ಈಗ ಬೆಣ್ಣೆಯಲ್ಲಿ ಕೂದಲು ಎಳೆದಂತೆ ಓಡಿತು. ಮೊದಲ ಕಾಲರ್ ಮುಗಿಸಿ ದಾರ ಕತ್ತರಿಸಲು ಹೋದ ಕೈ ಅಲ್ಲೇ ನಿಂತಿತು. ಕತ್ತರಿಸಿದ ತುದಿ ಸೂಜಿಯಿಂದ ಜಾರಿದರೆ ಇನ್ನು ಪೋಣಿಸುವವರು ಯಾರು? ಕತ್ತರಿಸದೆಯೇ ಎರಡನೆಯ ಕಾಲರನ್ನು ಬಟ್ಟೆ ಒತ್ತಿಹಿಡಿಯುವ ಮೆಷಿನ್ನಿನ ಪಾದದಡಿಗೆ ತಳ್ಳಿದಳು, ಮೂರನೆಯದನ್ನು ತಳ್ಳಿದಳು. ಒಂದರ ಬಾಲ ಒಂದು ಹಿಡಿದು ಕಾಲರುಗಳು ಮೆಷಿನ್ನಿನ ಹಿಂದೆ ಇಳಿದವು. ಬಾಬಿನ್ ಮುಗಿದಾಗ ಮೇಲಿನ ದಾರವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೇ ಬದಲಾಯಿಸಿದಳು. ಹೊಲಿದದ್ದನ್ನು ಒಯ್ಯುವ ಬುಟ್ಟಿಯವಳು ಬಂದು, ಇದೇನಕ್ಕ ಮದುವೆಮನೆಯ ತೋರಣ ಎಂದು ನಕ್ಕು, ಸರಪಳಿಯನ್ನು ಕೊನೆಯ ಮೇಜಿಗೆ ಹೊತ್ತೊಯ್ದಳು. ಅದನ್ನು ಬಿಡಿಬಿಡಿಯಾಗಿ ಕತ್ತರಿಸುವ ಕೆಲಸ ಈಗ ಗಿಣಿಯದು. ಅವಳ ಕತ್ತರಿಯ ಸದ್ದು ಇಷ್ಟು ಮೆಷಿನ್ನುಗಳ ನಡುವೆಯೂ ಕಾಲರಕ್ಕನಿಗೆ ಕೇಳಿಸುತ್ತಿತ್ತು, ಅಥವಾ ಕೇಳಿಸಿದಂತೆ ಅನ್ನಿಸುತ್ತಿತ್ತು.

ಆಗಾಗ ಕೈಯೆತ್ತಿ ಉರುಳೆಯನ್ನು ಮುಟ್ಟುತ್ತಿದ್ದಳು. ದಪ್ಪವಿದ್ದದ್ದು ತೆಳುವಾಯಿತು. ಊಟದ ಗಂಟೆಗೂ ಅವಳು ಏಳಲಿಲ್ಲ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಮೇಜಿಗೆ ಬಂದು, ಮೇಜಿನಿಂದ ಗೋಡೆಗೆ ಹೋಯಿತು. ಇನ್ನೊಮ್ಮೆ ಮುಟ್ಟಿದಾಗ ಬೆರಳಿಗೆ ದಾರ ಸಿಗಲಿಲ್ಲ, ಒಳಗಿನ ರಟ್ಟು ಸಿಕ್ಕಿತು; ಕೊನೆಯ ತುದಿ ಆಗಲೇ ಸೂಜಿ ದಾಟಿ ಹೋಗಿತ್ತು.

ಎಲ್ಲರೂ ವಾಪಸ್ಸು ಬಂದು ಕೆಲಸಕ್ಕೆ ಕೂತಿದ್ದರು. ಕಾಲರಕ್ಕ ಹೊಸ ಉರುಳೆ ಇಟ್ಟು, ಕೊಂಡಿಯಿಂದ ಕೊಂಡಿಗೆ ದಾರವನ್ನು ತಂದಳು. ಅದೆಲ್ಲ ಕೈಗೆ ಗೊತ್ತು. ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಸೂಜಿಯತ್ತ ಚುಚ್ಚಿದಳು. ದಾರ ಪಕ್ಕಕ್ಕೆ ಬಾಗಿತು. ಮತ್ತೆ ಒದ್ದೆ ಮಾಡಿ ಚುಚ್ಚಿದಳು.

ಕೊನೆಯ ಮೇಜಿನಲ್ಲಿ ಕತ್ತರಿಯ ಸದ್ದು ನಿಂತಿತು. ಕಾಲರಕ್ಕ ತಲೆಯೆತ್ತಲಿಲ್ಲ. ದಾರದ ತುದಿಯನ್ನು ಬೆರಳಲ್ಲಿ ಹಿಡಿದುಕೊಂಡು ಕಾದಳು.

ಸ್ವಲ್ಪ ಹೊತ್ತಿಗೆ ಕತ್ತರಿ ಮತ್ತೆ ಆಡತೊಡಗಿತು.