ಉಡಿಯ ಉತ್ತತ್ತಿಯ ಮೊಮ್ಮಕ್ಕಳು

ಜಮಖಂಡಿಯ ಹೊರಗಿನ ಆ ಹಳೆಯ ವಾಡೆಯ ತೋಟದಲ್ಲಿ ಮೂರು ಮರಗಳ ಪಂಚಾಯಿತಿ ನಡೆದಿತ್ತು. ಮನೆಯೊಡತಿ ಸುಲಭಾ ಕಾಕು ಅವು ಖರ್ಜೂರವೆಂದರೆ, ಮಗ ಪ್ರಥಮೇಶ ಬರೀ ಈಚಲೆನ್ನುತ್ತಿದ್ದ. ತೋಟವನ್ನು ಲಗ್ನಗಳಿಗೆ ಬಾಡಿಗೆ ಕೊಡಲು ಹೊರಟಿದ್ದ ಅವನಿಗೆ ಮುಧೋಳ, ಬನಹಟ್ಟಿಯಿಂದ ಬರುವ ಗಾಡಿಗಳು ನಿಲ್ಲಲು ಜಾಗ ಬೇಕಿತ್ತು. ಈಚಲೇ ಆದರೆ ಕಡಿಯಲಿ ಎಂದು ಕಾಕು ಒಪ್ಪಿದ್ದರು. ಕಡಿಯುವವರು ಆಗಲೇ ಬಂದು ನೆರಳಲ್ಲಿ ಕೂತಿದ್ದರು. ನೋಡಿ ಹೇಳಲು ಕರೆಸಿದ್ದು ಸಸ್ಯಶಾಸ್ತ್ರ ಓದಿದ ಅದೇ ಓಣಿಯ ಮೃಣ್ಮಯಿಯನ್ನು.

ಮೃಣ್ಮಯಿ ಹೆಚ್ಚು ಮಾತಿನವಳಲ್ಲ. ಸುಮ್ಮನೆ ಮರಗಳನ್ನು ಸುತ್ತಿದಳು. ಬುಡದಲ್ಲಿ ಮರಿಗಳು ಒಡೆದಿದ್ದವು. ಖರ್ಜೂರ ಹಾಗೆ ಮರಿ ಹಾಕುತ್ತದೆ, ಈಚಲು ಹಾಕುವುದಿಲ್ಲ. ಗರಿಯ ಎಸಳುಗಳು ಮಾತ್ರ ಥೇಟ್ ಈಚಲಿನಂತೆ ಗುಂಪುಗುಂಪಾಗಿ ದಿಕ್ಕಿಗೊಂದು ಚಾಚಿದ್ದವು. ಉದುರಿದ್ದ ಹಣ್ಣು ಈಚಲಿಗಿಂತ ದಪ್ಪ, ಖರ್ಜೂರಕ್ಕಿಂತ ಬಡಕಲು. ಎರಡೂ ಕಡೆಯದನ್ನು ಬಿಟ್ಟುಕೊಡದೆ, ಯಾರಿಗೂ ಲೆಕ್ಕ ಒಪ್ಪಿಸದೆ ನೆಟ್ಟಗೆ ನಿಂತಿದ್ದ ಆ ಮರಗಳ ಮುಂದೆ ಅವಳಿಗೆ ತಾನು ಬಂದ ಕೆಲಸವೇ ಒಂದು ಗಳಿಗೆ ಮರೆತುಹೋಯಿತು.

ಬೀಜ ಎಲ್ಲಿಯದೆಂದು ಕೇಳಿದಳು.

“ಉಡಿ ತುಂಬಿದ್ದು ಕಾಲಾಗ ಬರಬಾರದು ಅಂತಿದ್ರು ನಮ್ಮ ಅತ್ತಿ,” ಎಂದರು ಕಾಕು. “ಉಡಿಯಾಗಿನ ಉತ್ತತ್ತಿ ತಿಂದು ಬೀಜ ಇಲ್ಲೇ ಹುಗೀತಿದ್ರು. ಅದರಾಗ ಒಂದು ಎದ್ದು ದೊಡ್ಡ ಗಿಡ ಆತು. ಗಾಳಿಗೆ ಬಿತ್ತು. ಇವು ಅದರ ಹಣ್ಣಿನ್ವು.”

ಮೃಣ್ಮಯಿಗೆ ದಾರಿ ಕಂಡಿತು. ಉತ್ತತ್ತಿಯೆಂದರೆ ಒಣಗಿದ ಖರ್ಜೂರವೇ. ಖರ್ಜೂರದಲ್ಲಿ ಗಂಡು ಹೆಣ್ಣು ಬೇರೆ ಬೇರೆ ಮರ. ಸುತ್ತ ಇನ್ನೊಂದು ಖರ್ಜೂರವಿಲ್ಲ. ಆ ತಾಯಿಮರಕ್ಕೆ ಪರಾಗ ಬಂದಿದ್ದರೆ ಹಳ್ಳದ ದಂಡೆಯ ಈಚಲಿನಿಂದಲೇ ಬಂದಿರಬೇಕು. ಇದನ್ನೇ ಬಿಡಿಸಿ ಹೇಳಿದಳು.

“ಅಂದ್ರ ಬೆರಕಿ,” ಪ್ರಥಮೇಶ ನಕ್ಕ. “ಬೆರಕಿ ಆದ್ರ ಮುಧೋಳ ನಾಯೀನ್ನೂ ಯಾರೂ ಕೇಳೂದಿಲ್ಲ, ಆಯಿ.” ಆಮೇಲೆ ಮೃಣ್ಮಯಿಯತ್ತ ತಿರುಗಿ, ಇದು ಖಾತ್ರಿಯೇ ಎಂದು ಕೇಳಿದ.

ಹೌದು ಎಂದರೆ ಮರಗಳು ಉಳಿಯುತ್ತಿದ್ದವು. ಆ ಮಾತು ನಾಲಿಗೆಯ ತುದಿಗೂ ಬಂತು. ಆದರೆ ಕಣ್ಣಿಗೆ ಕಂಡದ್ದು ಗುಮಾನಿಯಷ್ಟೇ. ಎಲೆಯನ್ನು ಪ್ರಯೋಗಾಲಯಕ್ಕೆ ಕಳಿಸಬೇಕು, ಹೂವು ಹಣ್ಣು ಇನ್ನೊಮ್ಮೆ ನೋಡಬೇಕು.

“ಇರಬಹುದು ಅನಸ್ತದ, ಕಾಕು. ಮುಂದಿನ ಹಣ್ಣು ನೋಡೂತನಕ ಖಾತ್ರಿ ಅಂತ ಹೇಳಾಕ ನನಗ ಬರೂದಿಲ್ಲ.”

ಕಾಕು ಒರಟು ಕಾಂಡದ ಮೇಲೆ ಅಂಗೈಯಿಟ್ಟು ನಿಂತರು. ತನ್ನ ಬಾಯಿಂದಲೇ ಮರಗಳು ಹೋದವೆಂದು ಮೃಣ್ಮಯಿ ತಲೆ ತಗ್ಗಿಸಿದಳು.

“ಈಚಲು ಅಂತ ಖಾತ್ರಿ ಆದ್ರ ಕಡೀ ಅಂದಿದ್ದೆ, ಪ್ರಥಮೇಶ,” ಕಾಕು ಕೊನೆಗೆ ಹೇಳಿದರು. “ಖಾತ್ರಿ ಆಗಿಲ್ಲ. ಮುಂದಿನ ಹಣ್ಣು ಬರೂತನಕ ಗಾಡಿ ರಸ್ತೇಕ ನಿಲ್ಲಲಿ.”

ಮೃಣ್ಮಯಿ ಆ ಮುಖವನ್ನೇ ನೋಡಿದಳು. ಗೊತ್ತಿಲ್ಲವೆಂಬ ಮಾತಿಗೆ ಇಷ್ಟು ಮರ್ಯಾದೆ ಕೊಟ್ಟವರನ್ನು ಅವಳು ಕಾಲೇಜಿನಲ್ಲೂ ಕಂಡಿರಲಿಲ್ಲ.

ಪ್ರಥಮೇಶ ಗೊಣಗುತ್ತ ಕಡಿಯುವವರನ್ನು ಚಹಾ ಕುಡಿಸಿ ಕಳಿಸಿದ. ಸಿಟ್ಟಿನಲ್ಲೇ ಬೈಕು ಹತ್ತಿದವನು, ಬುಡದ ಮರಿಗಳಿಗೆ ಗಾಲಿ ತಗಲದಂತೆ ಸುತ್ತು ಹಾಕಿಕೊಂಡು ಹೋದ.