ನಾಲ್ಕನೆಯ ಏಟಿಲ್ಲ

ಮೂರನೆಯ ಏಟಿಗೂ ಮರ ಬೀಳಲಿಲ್ಲ.

ಕೊಡಲಿ ಎಳೆಯ ಓಕ್ ಮರದ ಕಾಂಡದಲ್ಲೇ ಕಚ್ಚಿಕೊಂಡಿತು. ಮಿಲಿಸಾವ್ ಅದನ್ನು ಕಿತ್ತುಕೊಂಡ. ಯಂತ್ರದ ಗರಗಸದಲ್ಲಿ ದಿನಕ್ಕೆ ಮೂವತ್ತು ಮರ ಉರುಳಿಸುವವನು ತೋಳು ದಪ್ಪದ ಇದೊಂದಕ್ಕೆ ಸೋತಿದ್ದ.

"ಮೂವತ್ತು ಮರದ ಶೂರ!" ಹಿಮದಲ್ಲಿ ನಿಂತಿದ್ದ ಅಕ್ಕ ದೆಸಾಂಕಾ ಕಿಚಾಯಿಸಿದಳು. ಮರುಕ್ಷಣ ಅವಳ ದನಿ ಇಳಿಯಿತು. "ಇನ್ನೊಂದೇಟು ಹಾಕ್ಬಿಟ್ಟೀಯ, ಜೋಕೆ. ಅಪ್ಪಂಗೆ ಆಗ್ಬರಲ್ಲ."

ಸರ್ಬಿಯಾದ ಈ ಬೆಟ್ಟದಲ್ಲಿ ಕ್ರಿಸ್ಮಸ್‌ನ ಹಿಂದಿನ ದಿನ, ಹೊತ್ತು ಮೂಡುವ ಮುಂಚೆ, ಸಂಜೆ ಒಲೆಗಿಡಲು ಓಕ್ ಕಡಿದು ತರುವುದು ಮನೆಯ ಯಜಮಾನನ ಕೆಲಸ. ಮರಕ್ಕೆ ಗೋಧಿ ಎರಚಿ, ಮಾತಾಡಿಸಿ, ಆಮೇಲೆ ಮೂರೇ ಏಟು. ನಾಲ್ಕನೆಯದು ಯಜಮಾನನ ಆಯುಸ್ಸಿಗೇ ಬೀಳುತ್ತದೆ ಎನ್ನುತ್ತಾರೆ. ಈ ಮನೆಯ ಯಜಮಾನ, ಅವರ ಅಪ್ಪ ವುಕೋಯೆ, ನಾಲ್ಕು ದಿನದಿಂದ ಬಾಯಿಗಿಟ್ಟದ್ದೇನನ್ನೂ ನುಂಗದೆ ಒಲೆಯ ಪಕ್ಕ ಮಲಗಿದ್ದ.

"ಮರಾನ ಮಾತಾಡಿಸಿದ್ಯಾ?"

"ಗೋಧಿ ಎರಚಿದ್ನಲ್ಲ."

"ಬಾಯಿ ಬಿಟ್ಟು ಮಾತಾಡಿಸಿದ್ಯಾ ಅಂದೆ."

ಇಲ್ಲ. ನಾಚಿಕೆಯಾಗಿತ್ತು. "ಪಾದ್ರಿ ಬರೋಕೆ ಮುಂಚೆ, ಏಸು ಹುಟ್ಟೋಕೂ ಮುಂಚೆ ನಮ್ಮೋರು ಇದಕ್ಕೇ ತಲೆ ಬಾಗ್ತಿದ್ರು ಕಣೋ," ಎಂದು ಅಪ್ಪ ಪ್ರತಿ ವರ್ಷ ಹೇಳುತ್ತಿದ್ದ. ಮಗ ಪ್ರತಿ ವರ್ಷ ನಗುತ್ತಿದ್ದ.

ಮಿಲಿಸಾವ್ ಕೊಡಲಿ ಬಿಟ್ಟು ಟೋಪಿ ತೆಗೆದ.

"ಬೆಳಗಾಯ್ತು, ಅಜ್ಜ," ಎಂದ. "ನಮ್ಮನೇಗೆ ಬಾ. ಅಪ್ಪ ಕಾಯ್ತಾ ಇದಾನೆ."

ಅಕ್ಕ ನಗಲಿಲ್ಲ.

ಅವನು ಕಾಂಡವನ್ನು ತಬ್ಬಿ, ಕೆನ್ನೆ ಒತ್ತಿ, ಮೆಲ್ಲಗೆ ತಿರುಚಿದ. ಒಳಗೆ ನಾರುಗಳು ಒಂದೊಂದಾಗಿ ಬಿಡುವುದು ಎದೆಗೇ ಕೇಳಿಸಿತು. ಇಪ್ಪತ್ತು ವರ್ಷದಲ್ಲಿ ಉರುಳಿಸಿದ ಅಷ್ಟೊಂದು ಮರಗಳಲ್ಲಿ ಒಂದರ ದನಿಯನ್ನೂ ಅವನು ಕೇಳಿರಲಿಲ್ಲ, ಯಂತ್ರ ಕೇಳಗೊಟ್ಟಿರಲಿಲ್ಲ. ಉದುರದೆ ಉಳಿದಿದ್ದ ಕಂದು ಎಲೆಗಳು ಗಾಳಿಯಿಲ್ಲದೆಯೇ ಒಮ್ಮೆ ಸರಸರ ಎಂದವು. ಮರ ಮೂಡಣಕ್ಕೆ ವಾಲಿ, ನೆಲ ಮುಟ್ಟದೆ ಅವನ ಹೆಗಲ ಮೇಲೆ ಒರಗಿತು. ದೆಸಾಂಕಾ ಬಂದು ಇನ್ನೊಂದು ತುದಿಗೆ ಹೆಗಲು ಕೊಟ್ಟಳು.

ಸಂಜೆ ಒಲೆಗಿಡುವ ಮುನ್ನ ದೆಸಾಂಕಾ ಮರದ ಕಡಿದ ತುದಿಗೆ ಜೇನು ಸವರಿದಳು. ಮನೆಯವರೆಲ್ಲ ಅದಕ್ಕೆ ಮುತ್ತಿಡಬೇಕು; ಮೊದಲ ಮುತ್ತು ಯಜಮಾನನದು. ಮಿಲಿಸಾವ್ ಅದನ್ನು ಅಪ್ಪನ ಮುಖದ ಹತ್ತಿರ ಹಿಡಿದ.

"ಏಟು ಎಷ್ಟೋ?" ಮುದುಕ ಪಿಸುಗುಟ್ಟಿದ.

"ಮೂರೇ, ಅಪ್ಪ."

"ಮಾತಾಡಿಸಿದ್ಯಾ?"

"ಹೂಂ."

ವುಕೋಯೆ ತುಟಿಗಳನ್ನು ಮರಕ್ಕೆ ತಾಗಿಸಿದ. ಹತ್ತಿದ ಜೇನನ್ನು ನಾಲಿಗೆ ತಡವರಿಸುತ್ತ ಒರೆಸಿಕೊಂಡಿತು. ಅವನ ಸುಕ್ಕುಗಟ್ಟಿದ ಕೊರಳಲ್ಲಿ ಗಂಟಲಮಣಿ ಒಮ್ಮೆ ಮೇಲೇರಿ, ನಿಂತು, ಕೆಳಗಿಳಿಯಿತು.