ಬಿಚ್ಚದೆ ಆಡಿದ ಎಡಗಾಲಿನ ಬೂಟು

ನಾನು ಒಂದು ಎಡಗಾಲಿನ ಫುಟ್‌ಬಾಲ್ ಬೂಟು. ಇಂಗ್ಲೆಂಡಿನ ಸಣ್ಣ ಕಾರ್ಖಾನೆಯೊಂದರಲ್ಲಿ, ಕರುವಿನ ಚರ್ಮವನ್ನು ಪಾದದಾಕಾರದ ಮರದ ಅಚ್ಚಿನ ಮೇಲೆ ಎಳೆದು ಹೊಲಿದ ದಿನ ನನ್ನ ಜನನ. ಬಲಗಾಲಿನವನು ನನ್ನ ಜೋಡಿ. ನಾವು ಒಟ್ಟಿಗೆ ನಿಂತದ್ದು ಕಡಿಮೆ. ಒಬ್ಬ ನೆಲದಲ್ಲಿದ್ದರೆ ಇನ್ನೊಬ್ಬ ಗಾಳಿಯಲ್ಲಿ.

ನಮ್ಮನ್ನು ಕೊಂಡವನು ಕ್ಲೈವ್ ಥ್ರೆಲ್‌ಫಾಲ್, ಮೈದಾನದ ಎಡ ಅಂಚಿನಲ್ಲಿ ಓಡುವ ವಿಂಗರ್. ಬೇಕೆಂದೇ ಒಂದು ಅಳತೆ ಚಿಕ್ಕದನ್ನು ಆರಿಸಿದ. ಚೆಂಡಿನ ಸ್ಪರ್ಶ ಬೆರಳಿಗೆ ತಿಳಿಯಬೇಕಂತೆ. ಕ್ಲಬ್ಬಿನ ಸಾಮಾನು ನೋಡಿಕೊಳ್ಳುವ ಮುದುಕ ವಿಲ್ಫ್ ಅವನನ್ನು ಬೂಟುಸಮೇತ ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿದ. "ಮದುಮಗನ ಹಾಗೆ ಕೂತಿರು. ಚರ್ಮ ಕಾಲನ್ನು ಕಲಿಯಲಿ."

ಕಲಿತೆ. ಅವನ ಅವಸರವನ್ನೂ ಕಲಿತೆ. ಚೆಂಡು ಬಾರದ ಹೊತ್ತಿನಲ್ಲೂ ಅವನು ನಿಲ್ಲಲಾರ. ಸುಣ್ಣದ ಗೆರೆಯ ಪಕ್ಕದಲ್ಲಿ ನನ್ನಿಂದ ಹುಲ್ಲು ಕೆದಕುತ್ತಿದ್ದ. "ಏ ಥ್ರೆಲ್‌ಫಾಲ್, ಗೆರೆ ಕಾಯೋಕೆ ಸಂಬಳವೇನೋ?" ಎಂದು ಜನ ಛೇಡಿಸುವರು, ಅವನು ಓಡಿದ ಮರುಗಳಿಗೆ ಅವರೇ ಎದ್ದು ನಿಲ್ಲುವರು.

ಆರು ವರ್ಷ, ಮೂರು ಹೊಸ ಅಟ್ಟೆ. ಆಮೇಲೆ ಆ ಶನಿವಾರ. ಸೋತರೆ ಕ್ಲಬ್ಬು ಕೆಳಗಿನ ದರ್ಜೆಗೆ ಇಳಿಯುತ್ತಿತ್ತು. ಮೊದಲರ್ಧದಲ್ಲೇ ಎದುರಾಳಿಯೊಬ್ಬ ಕಾಲ ಮೇಲೆ ಬಿದ್ದು ಕ್ಲೈವ್‌ನ ಎಡ ಹರಡು ಉಳುಕಿತು. ನನ್ನೊಳಗೆ ಅದು ಉಬ್ಬತೊಡಗಿತು.

ವಿರಾಮದಲ್ಲಿ ವಿಲ್ಫ್ ಮಂಡಿಯೂರಿದ. "ಬಿಚ್ಚೋ, ನೋಡೋಣ."

"ಬಿಚ್ಚಿದರೆ ಮತ್ತೆ ಏರಲ್ಲ. ಲೇಸು ಬಿಗೀರಿ."

"ಕಾಲು ಹೋಗುತ್ತೋ, ಹುಚ್ಚಪ್ಪ!"

"ಬಿಗೀರಿ ಅಂದೆ."

ಲೇಸು ಹರಿದುಬಿಡಲಿ ಎಂದು ಹಾರೈಸಿದೆ. ಹರಿಯಲಿಲ್ಲ. ನನ್ನನ್ನು ಅಷ್ಟು ಗಟ್ಟಿಯಾಗಿ ಹೊಲಿದಿದ್ದರು. ಆ ಗಟ್ಟಿತನವನ್ನು ನಾನಿಂದಿಗೂ ಕ್ಷಮಿಸಿಕೊಂಡಿಲ್ಲ.

ಕೊನೆಯ ನಿಮಿಷಗಳಲ್ಲಿ ಅವನು ಗೆರೆಗುಂಟ ಕುಂಟುತ್ತಲೇ ಓಡಿದ, ನನ್ನಿಂದ ಚೆಂಡನ್ನು ಗೋಲಿನೆದುರಿಗೆ ತೇಲಿಸಿದ. ಯಾರದೋ ಹಣೆ ಅದನ್ನು ಒಳಗೆ ನೂಕಿತು. ಕ್ಲಬ್ಬು ಉಳಿಯಿತು. ವಿಲ್ಫ್ ಕತ್ತರಿ ತಂದು ನನ್ನನ್ನು ಹಿಮ್ಮಡಿಯವರೆಗೆ ಸೀಳಿ, ನೀಲಿಗಟ್ಟಿದ ಕಾಲನ್ನು ಹೊರತೆಗೆದ. ಕ್ಲೈವ್ ಮತ್ತೆಂದೂ ಆಡಲಿಲ್ಲ.

ಬಲಗಾಲಿನವನು ಕ್ಲಬ್ಬಿನ ಗಾಜಿನ ಕಪಾಟು ಸೇರಿದ. ಸೀಳಿಸಿಕೊಂಡ ನಾನು ಅಲ್ಲಿಗೆ ಚೆನ್ನಲ್ಲವಂತೆ. ನಾನೀಗ ಕ್ಲೈವ್‌ನ ಹಿತ್ತಿಲ ಬಾಗಿಲು ಬಡಿಯದಂತೆ ತಡೆಯುತ್ತೇನೆ. ಎಪ್ಪತ್ತು ದಾಟಿದ ಅವನು ನನ್ನೆದುರು ಕುಂಟುತ್ತ ಶತಪಥ ಹಾಕುತ್ತಾನೆ.

ನಿನ್ನೆ ಅವನ ಹೆಂಡತಿ ಮೊರೀನ್ ರೇಗಿದಳು: "ಒಂದು ಕಡೆ ಕೂತ್ಕೋಬಾರದಾ? ಅವತ್ತು ಆ ಬೂಟು ಬಿಚ್ಚಿದ್ದರೆ ಈಗ ನೆಟ್ಟಗೆ ನಡೀತಿದ್ರಿ."

"ನಡೆಯೋದೇನು ಮಹಾ, ಎಲ್ಲರೂ ನಡೀತಾರೆ," ಎಂದ ಕ್ಲೈವ್.

ಆಮೇಲೆ ಬಾಗಿ, ನನ್ನನ್ನು ಬಾಗಿಲಿನಿಂದ ಎತ್ತಿ, ಧೂಳು ಕೊಡವಿ, ನನ್ನೊಳಗೆ ಕಾಲಿಟ್ಟ. ಸೀಳು ಬಾಯ್ತೆರೆದು ದಾರಿ ಬಿಟ್ಟಿತು. ಮೊದಲ ಸಲ ನಾನವನನ್ನು ನೋಯಿಸಲಿಲ್ಲ. ಹಿಂದೆ ಬಾಗಿಲು ಧಡಾರನೆ ಬಡಿಯಿತು. ಅವನು ಆಗಲೇ ನನ್ನಿಂದ ನೆಲ ಕೆದಕುತ್ತಿದ್ದ.